ಅಜ್ಜಿ ಬೀಗರ ಮನೆಗೆ ಹೋದದ್ದು

ಅಜ್ಜಿಯ ಬೆರಳುಗಳಲ್ಲಿ ಗೆರೆಗಳಿರಲಿಲ್ಲ. ಹೆಬ್ಬೆರಳಿನ ತುದಿ ಹೊಳೆಯ ಕಲ್ಲಿನ ಹಾಗೆ ನುಣುಪಾಗಿ, ತುಸು ಬಿಳಿಚಿಕೊಂಡಿತ್ತು. ಉಗುರಿನ ಬುಡದಲ್ಲಿ ಮಾತ್ರ ಸಣ್ಣ ಸಣ್ಣ ಬಿರುಕುಗಳು. ಪ್ರಾಯಕ್ಕೆ ಬರುವ ಮೊದಲಿನಿಂದಲೂ ಬಂಗಡೆ, ತಾರ್ಲೆ ಮೀನುಗಳಿಗೆ ಉಪ್ಪು ತುಂಬಿ ತುಂಬಿ ಅವಳ ಕೈ ಹಾಗಾಗಿತ್ತು. ರೇಶನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. ಅಂಗಡಿಯವನು ಕೈ ತೊಳೆದುಕೊಂಡು ಬರಲು ಹೇಳುತ್ತಿದ್ದ. ಅಜ್ಜಿ ತೊಳೆದು, ಸೆರಗಿಗೆ ಒರೆಸಿ, ಮತ್ತೆ ಒತ್ತುತ್ತಿದ್ದಳು. ಹಾಗೆ ಒತ್ತುವಾಗ ಅವಳ ಮುಖ ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖದ ಹಾಗೆ ಇರುತ್ತಿತ್ತು. ಆ ಯಂತ್ರ ತನ್ನನ್ನು ತಾನಲ್ಲ ಎಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆ.

ಅಜ್ಜಿ ಎಂದರೆ ಅಪ್ಪನ ತಾಯಿ. ನಮ್ಮ ಮನೆ ಇದ್ದದ್ದು ಹೊನ್ನಾವರದ ಹೊಳೆಯಾಚೆ, ಕಾಸರಕೋಡಿನಲ್ಲಿ. ಅಜ್ಜಿ ದಂಡೆಯ ಮರಳಿನಲ್ಲಿ ಮೀನು ಒಣಗಿಸಿ, ಬುಟ್ಟಿ ಹೊತ್ತುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋಗುತ್ತಿದ್ದಳು. ಸಂತೆಯ ದಿನ ಕುಮಟಾಕ್ಕೆ. ಎಲ್ಲಿಗೆ ಹೋಗುವುದಾದರೂ ಶರಾವತಿಯ ಉದ್ದನೆಯ ಸೇತುವೆ ದಾಟಲೇಬೇಕು. ಬಸ್ಸು ಸೇತುವೆ ಹತ್ತಿದ ಕೂಡಲೇ ಅಜ್ಜಿ ಕಣ್ಣು ಮುಚ್ಚಿ, ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿದ್ದಳು. ಆಚೆ ದಡ ಬಂತೆಂದು ನಾನು ಹೇಳಿದ ಮೇಲೆಯೇ ಕಣ್ಣು ತೆರೆಯುವುದು. ಕಂಡಕ್ಟರುಗಳಿಗೆಲ್ಲ ಅದು ಗೊತ್ತಿತ್ತು, ನಗುತ್ತಿದ್ದರು. ದಿನಾ ಹೋಗಿ ಬಂದು ಮಾಡಿದರೂ ಅಭ್ಯಾಸವಾಗಲಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ಹೆದರಿಕೆಗೆ ಎಂತ ಅಭ್ಯಾಸ ಮಗಾ," ಎಂದಳು. "ಅದು ದಿನಾ ಹೊಸದೇ."

ಅವಳು ಹೆದರದ ವಸ್ತುವೇ ಇರಲಿಲ್ಲ. ಗುಡುಗಿಗೆ, ಪೊಲೀಸರಿಗೆ, ಗ್ಯಾಸ್ ಒಲೆಗೆ, ಆಸ್ಪತ್ರೆಯ ವಾಸನೆಗೆ. ಹೆದರಿಕೆಯನ್ನು ಮುಚ್ಚಿಡುತ್ತಲೂ ಇರಲಿಲ್ಲ. "ನಂಗೆ ಹೆದರಿಕೆ ಆಗ್ತದೆ," ಎಂದು ಹಸಿವೆಯಾಗುತ್ತದೆ ಎನ್ನುವಷ್ಟೇ ಸಲೀಸಾಗಿ ಹೇಳಿ, ಆಮೇಲೆ ಮಾಡಬೇಕಾದದ್ದನ್ನು ಮಾಡುತ್ತಿದ್ದಳು. ಅವಳೊಬ್ಬ ಅಂಜುಬುರುಕಿ ಎಂದೇ ಊರಲ್ಲಿ ಎಲ್ಲರೂ ತಿಳಿದಿದ್ದರು. ನಾನೂ.

ನನ್ನ ಅಮ್ಮನ ಊರು ಫಿಲಿಪ್ಪೀನ್ಸ್. ಅಪ್ಪ ಭಟ್ಕಳದ ಸಾಹೇಬರೊಬ್ಬರ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕೆಂದು ದುಬೈಗೆ ಹೋದವನು, ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗಿಯನ್ನು ಮದುವೆಯಾಗಿ ಊರಿಗೆ ಕರೆತಂದ. ಊರಿನವರು ಅವಳನ್ನು ಬಹಳ ಕಾಲ ಚೀನಾದ ಸೊಸೆ ಎಂದೇ ಕರೆದರು. ಅಜ್ಜಿಗೆ ಅವಳ ಹೆಸರು ಹೇಳಲು ಬರಲಿಲ್ಲ. ಮೊದಲ ದಿನ 'ಹುಡ್ಗಿ' ಎಂದಳು. ಕೊನೆಯ ತನಕ ಅದೇ ಉಳಿಯಿತು. ಅಮ್ಮ ಕನ್ನಡ ಕಲಿತದ್ದು ಅಜ್ಜಿಯ ಜೊತೆ ಮರಳಿನಲ್ಲಿ ಕೂತು ಮೀನು ಹರವುತ್ತ. ಹಾಗಾಗಿ ಅವಳ ಕನ್ನಡವೆಲ್ಲ ಅಜ್ಜಿಯದೇ. ಅದೇ ಎಳೆತ, ಅದೇ 'ಎಂತ', ಅದೇ 'ಆತು'.

ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ದುಬೈ ಬಿಟ್ಟು ಬಂದ ಮೇಲೆ ಅವನು ಮೀನಿನ ಟೆಂಪೋ ಓಡಿಸುತ್ತಿದ್ದ. ಹೆದ್ದಾರಿಯಲ್ಲಿ ಲಾರಿ ಬಡಿಯಿತು. ಆಮೇಲೆ ಮನೆಯಲ್ಲಿ ಉಳಿದದ್ದು ಅಜ್ಜಿ, ಅಮ್ಮ, ನಾನು, ಇನ್ನೂ ಶಾಲೆಗೆ ಸೇರದ ತಂಗಿ, ನಾಲ್ವರೂ ಹೆಂಗಸರೇ. ಪಕ್ಕದಲ್ಲೇ ಚಿಕ್ಕಪ್ಪನ ಮನೆ. ಅಪ್ಪನ ತಮ್ಮನಾದ ಆತ ಕೆಟ್ಟವನಲ್ಲ. ನಮ್ಮ ಫೀಸು, ಮನೆಯ ಹಂಚು, ಎಲ್ಲವನ್ನೂ ನೋಡಿಕೊಂಡವನು ಅವನೇ. ಆದರೆ ಅಪ್ಪ ಹೋದ ಮೇಲೆ ಅವನು ಅಮ್ಮನನ್ನು ನೋಡುವ ರೀತಿ ಬದಲಾಯಿತು. ಬಾಗಿಲು ತೆರೆದಿಟ್ಟ ಹಕ್ಕಿಗೂಡನ್ನು ನೋಡುವ ಹಾಗೆ, ಯಾವಾಗ ಹಾರಿಹೋಗುತ್ತಾಳೋ ಎಂದು ನೋಡುತ್ತಿದ್ದ.

ಎರಡು ಮಳೆಗಾಲ ಕಳೆದ ಮೇಲೆ ಅಮ್ಮನ ತಾಯಿಗೆ ಪಾರ್ಶ್ವವಾಯು ಬಡಿದ ಸುದ್ದಿ ಬಂತು. ನಾವು ಅವರನ್ನು ಫೋನಿನ ಪರದೆಯಲ್ಲಿ ಮಾತ್ರ ಕಂಡಿದ್ದೆವು. ಅವರ ಭಾಷೆಯಲ್ಲಿ ಅಜ್ಜಿಗೆ ಲೋಲಾ ಎನ್ನುತ್ತಾರೆ; ನಾವೂ ಹಾಗೇ ಕರೆಯುತ್ತಿದ್ದೆವು. ಅಮ್ಮ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬರುತ್ತೇನೆಂದಳು. ಹಡಗಿನಲ್ಲಿ ಕೆಲಸಕ್ಕಿದ್ದ ಅವಳ ತಮ್ಮ, ನಮ್ಮ ಮಾಮ, ರಜೆಯಲ್ಲಿ ಊರಿಗೆ ಬಂದಿದ್ದ. ಟಿಕೆಟ್ಟು ತಾನೇ ಮಾಡಿಸುವುದಾಗಿ ಹೇಳಿದ.

ಅಂದಿನಿಂದ ನನ್ನ ಹೆದರಿಕೆ ಶುರುವಾಯಿತು. ಅಂಗಡಿಗೆ ಸಕ್ಕರೆ ತರಲು ಹೋದಾಗ, ನಾನು ಅಲ್ಲಿದ್ದೇನೆಂದು ಗಮನಿಸದೆ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಹೋದವಳು ತಿರುಗಿ ಬರುತ್ತಾಳೆಯೇ, ಗಂಡನೇ ಇಲ್ಲದ ಮೇಲೆ ಇಲ್ಲೇನಿದೆ ಅವಳಿಗೆ, ಮಕ್ಕಳನ್ನೂ ಅಲ್ಲೇ ಇಟ್ಟುಕೊಳ್ಳುತ್ತಾಳೆ ಎಂದು. ನಾನು ಸಕ್ಕರೆ ಮರೆತು ಮನೆಗೆ ಓಡಿದೆ. ಅಮ್ಮ ಒಲೆಯ ಮುಂದೆ ಕೂತಿದ್ದಳು. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವಳು ಹೌದೆಂದುಬಿಟ್ಟರೆ?

ಚಿಕ್ಕಪ್ಪನೂ ಅದನ್ನೇ ಯೋಚಿಸಿದ್ದ. ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಸಣ್ಣವಳನ್ನು ಇಲ್ಲೇ ಬಿಟ್ಟುಹೋಗಲಿ ಎಂದ. ಕಾರಣ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಮ್ಮ ತಂಗಿಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಲಿಯಲ್ಲಿ ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಎಲ್ರೂ ಹೋಗ್ಲಿ. ನಾನೂ ಹೋಗ್ತೆ. ಸೊಸೆ ತಂದು ಇಷ್ಟು ವರ್ಷ ಆತು, ಬೀಗರ ಮನೆ ಬಾಗ್ಲು ಕಾಣ್ಲಿಲ್ಲ ನಾನು."

ಚಿಕ್ಕಪ್ಪ ಮೊದಲು ನಕ್ಕ. ಸೇತುವೆ ದಾಟಲು ಕಣ್ಣು ಮುಚ್ಚುವವಳು ಸಮುದ್ರ ದಾಟುತ್ತಾಳಂತೆ. ಆಮೇಲೆ ಯೋಚಿಸಿ ಒಪ್ಪಿದ. ಅಜ್ಜಿ ಜೊತೆಗಿದ್ದರೆ ಕಾವಲು ಇದ್ದ ಹಾಗೆ ಎಂದು ಅವನಿಗೆ ಅನ್ನಿಸಿರಬೇಕು. ಪಾಸ್‌ಪೋರ್ಟ್ ಕಚೇರಿಯಲ್ಲಿ ಅಜ್ಜಿಯ ಬೆರಳು ಮತ್ತೆ ತಕರಾರು ಮಾಡಿತು. ಅಲ್ಲಿನ ಹುಡುಗಿ ತಾನೇ ಅಜ್ಜಿಯ ಕೈ ಹಿಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ ಒತ್ತಿ ಹೇಗೋ ಸುಧಾರಿಸಿದಳು. ಹೊರಗೆ ಬಂದ ಮೇಲೆ ಅಜ್ಜಿ ಮೆಟ್ಟಿಲ ಮೇಲೆ ಕೂತು ನೀರು ಕುಡಿದಳು.

ಹೊರಡುವ ದಿನ ಚಿಕ್ಕಪ್ಪ ಅಜ್ಜಿಯನ್ನು ಕೊಟ್ಟಿಗೆಯ ಹಿಂದೆ ಕರೆದು, ನನ್ನದೂ ತಂಗಿಯದೂ ಪಾಸ್‌ಪೋರ್ಟುಗಳನ್ನು ಅವಳ ಕೈಯಲ್ಲಿಟ್ಟ. ಯಾವ ಕಾರಣಕ್ಕೂ ಅತ್ತಿಗೆಯ ಹತ್ತಿರ ಕೊಡಬೇಡ, ಇದು ನಿನ್ನಲ್ಲಿದ್ದರೆ ಮಕ್ಕಳು ನಿನ್ನ ಜೊತೆ ಬರಲೇಬೇಕು ಎಂದ. ನಾನು ಗೋಡೆಯ ಈಚೆ ನಿಂತು ಕೇಳಿದೆ. ಅಜ್ಜಿ ಅವೆರಡನ್ನೂ ಎಲೆಯಡಿಕೆಯ ಸಂಚಿಗೆ ತುರುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೂಂ ಎಂದಳೋ ಇಲ್ಲವೋ ಕೇಳಿಸಲಿಲ್ಲ. ಅಲ್ಲಿಯವರೆಗೆ ನನಗೆ ಯಾರ ಮಡಿಲು ಎಲ್ಲಕ್ಕಿಂತ ಸುರಕ್ಷಿತವೋ, ಅವಳನ್ನು ಕಂಡೇ ನನಗೆ ಮೊದಲ ಸಲ ಅಂಜಿಕೆಯಾಯಿತು. ಅಮ್ಮ ಬಿಟ್ಟುಹೋಗುತ್ತಾಳೋ, ಅಜ್ಜಿ ಎಳೆದು ತರುತ್ತಾಳೋ, ಎರಡರಲ್ಲಿ ಒಂದು ಆಗಿಯೇ ಆಗುತ್ತದೆ ಎಂದು ಲೆಕ್ಕ ಹಾಕಿಕೊಂಡು ರೈಲು ಹತ್ತಿದೆ.

ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅಜ್ಜಿ ಲೋಲಾಗೆ ಒಂದು ಸೀರೆ ತೆಗೆದಿದ್ದಳು. ಭಟ್ಕಳದಿಂದ ಮಲ್ಲಿಗೆಯ ದಂಡೆ ತರಿಸಿ, ಬಾಳೆಯೆಲೆಯಲ್ಲಿ ಸುತ್ತಿ, ಮೇಲೊಂದು ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು. ಮುಂಬೈಯಲ್ಲಿ ವಿಮಾನ ಮೇಲೇರಿದಾಗ ಅವಳು ಮಾಡಿದ್ದು ನಿರೀಕ್ಷಿಸಿದ್ದನ್ನೇ. ಕಣ್ಣು ಮುಚ್ಚಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಬಹಳ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ, "ದಾಟಿ ಆತಾ ಮಗಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮನಿಲಾದ ವಿಮಾನ ನಿಲ್ದಾಣದಲ್ಲಿ ಸಾಲುಗಳೇ ಬೇರೆ ಬೇರೆ ಇದ್ದವು. ಅಮ್ಮನದು ಆ ದೇಶದ್ದೇ ಪಾಸ್‌ಪೋರ್ಟು, ನಮ್ಮದು ಭಾರತದ್ದು. ಕಾವಲಿನವನೊಬ್ಬ ಅಮ್ಮನನ್ನು ಒಂದು ಸಾಲಿಗೆ ತೋರಿಸಿ, ನಮ್ಮನ್ನು ಇನ್ನೊಂದಕ್ಕೆ ಅಟ್ಟಿದ. ಅಮ್ಮ ಏನೋ ಹೇಳಲು ಹೋದಳು. ಹಿಂದಿನ ಜನ ತಳ್ಳಿದರು. ಅವಳ ಸಾಲು ಬೇಗ ಸರಿಯಿತು. ನೋಡುತ್ತಿದ್ದಂತೆ ಅವಳು ಗಾಜಿನ ಆಚೆ ಇದ್ದಳು, ನಾವು ಈಚೆ. ನಮ್ಮ ಸರದಿ ಬಂದಾಗ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಈ ಮಕ್ಕಳ ತಂದೆ ತಾಯಿ ಎಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷು ಒಂದೆರಡು ಪದಕ್ಕೇ ಮುಗಿಯಿತು. ತಂದೆ ಇಲ್ಲ ಎಂದೆ. ತಾಯಿ ಎಂದು ಬೆರಳು ತೋರಿಸಿದೆ. ಅಲ್ಲಿ ನೂರು ಜನರಿದ್ದರು. ಅವನು ನಮ್ಮ ಪಾಸ್‌ಪೋರ್ಟ್ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಇನ್ನೊಬ್ಬನನ್ನು ಕರೆದ. ತಂಗಿ ಅಳಲು ಶುರು ಮಾಡಿದಳು.

ಆಗ ಅಜ್ಜಿ, ಪೊಲೀಸರನ್ನು ಕಂಡರೆ ರಸ್ತೆ ಬದಲಿಸುತ್ತಿದ್ದ ನಮ್ಮ ಅಜ್ಜಿ, ಆ ಅಧಿಕಾರಿಯ ಮುಖ ನೋಡಿಕೊಂಡು ಅಚ್ಚ ಕನ್ನಡದಲ್ಲಿ ಮಾತಾಡಿದಳು. ದನಿ ನಡುಗುತ್ತಿತ್ತು, ಆದರೆ ದೊಡ್ಡದಾಗಿತ್ತು.

"ಅದೇ ಅವ್ಳು, ಹಸ್ರು ಅಂಗಿ. ಈ ಮಕ್ಳ ಅವ್ವಿ ಅವ್ಳು. ನಾ ಅವ್ಳ ಅತ್ತೆ. ಅವ್ಳನ್ನ ಕರಿ."

ಅವನಿಗೆ ಅರ್ಥವಾಗಲಿಲ್ಲ. ಆದರೆ ಅಮ್ಮನಿಗೆ ಅಷ್ಟು ದೂರದಲ್ಲೂ ಆ ದನಿ ಕೇಳಿಸಿತು. ಅವಳು ಬೇಲಿಯ ಪಟ್ಟಿಯಡಿ ನುಸುಳಿ ಓಡಿಬಂದಳು. ವಿಚಾರಣೆ ಮುಗಿದು ಅಧಿಕಾರಿ ಪುಸ್ತಕಗಳನ್ನು ಹಿಂದಕ್ಕೆ ಕೊಟ್ಟಾಗ ಅಮ್ಮ ಕೈ ಚಾಚಿದಳು. ಅಜ್ಜಿಯೂ ಚಾಚಿದಳು. ಒಂದು ಗಳಿಗೆ ಇಬ್ಬರೂ ಹಾಗೇ ನಿಂತರು. ಆಮೇಲೆ ಅಮ್ಮನ ಕೈ ಹಿಂದೆ ಸರಿಯಿತು. ಪುಸ್ತಕಗಳು ಸಂಚಿಗೆ ಹೋದವು. ಅಮ್ಮನಿಗೆ ಎಲ್ಲವೂ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು.

ಅಮ್ಮನ ಊರು ಇನ್ನೊಂದು ದ್ವೀಪದಲ್ಲಿ. ದಂಡೆಗೆ ತಾಗಿದ ತೆಂಗಿನ ಸಾಲು, ಅದರ ನಡುವೆ ತಗಡಿನ ಮಾಡಿನ ಮರದ ಮನೆ. ಅಂಗಳದಲ್ಲಿ ಬಿದಿರಿನ ಚೌಕಟ್ಟಿನ ಮೇಲೆ ಸೀಳಿದ ಮೀನು ಒಣಗುತ್ತಿತ್ತು. ಅಜ್ಜಿ ನಿಂತು ಒಂದು ಮೀನನ್ನು ಮಗುಚಿ ನೋಡಿ, ಮತ್ತೆ ಹಾಗೇ ಇಟ್ಟಳು. ಒಳಗೆ ಮಂಚದ ಮೇಲೆ ಲೋಲಾ. ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಮಗಳನ್ನು ಕಂಡು ಅವರ ಬಾಯಿಂದ ಬಂದ ಸದ್ದು ಮಾತೂ ಆಗಿರಲಿಲ್ಲ, ಅಳುವೂ ಆಗಿರಲಿಲ್ಲ. ಅಲ್ಲಿ ಹಿರಿಯರ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಳ್ಳುವುದು ಪದ್ಧತಿ. ಅಮ್ಮ ಹೇಳಿಕೊಟ್ಟಂತೆ ನಾವು ಮಾಡಿದೆವು. ನಮ್ಮನ್ನು ನೋಡಿ ಅಜ್ಜಿಯೂ ಬಗ್ಗಿ ಲೋಲಾನ ಕೈಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಬಾಳೆಯೆಲೆ ಬಿಚ್ಚಿದರೆ ಮಲ್ಲಿಗೆ ಕಂದಿ ಕೆಂಪಾಗಿತ್ತು. ಅದನ್ನೇ ದಿಂಬಿನ ಬದಿಗಿಟ್ಟಳು. ಲೋಲಾ ಅವಳನ್ನು 'ಬಾಲಾಯಿ' ಎಂದು ಕರೆದರು. ಹಾಗೆಂದರೆ ಏನೆಂದು ಅಜ್ಜಿ ಕೇಳಿದಳು. ಬೀಗಿತ್ತಿ ಎಂದು ಅಮ್ಮ ಹೇಳಿದಳು. ಅಜ್ಜಿಗೆ ಬಹಳ ಸಮಾಧಾನವಾದಂತೆ ಕಂಡಿತು.

ನನಗೆ ಸಮಾಧಾನವಿರಲಿಲ್ಲ. ಆ ಮನೆಯಲ್ಲಿ ಅಮ್ಮ ಬೇರೆಯೇ ಆಗಿಬಿಟ್ಟಿದ್ದಳು. ಗಟ್ಟಿಯಾಗಿ ನಗುತ್ತಿದ್ದಳು, ನನಗೆ ತಿಳಿಯದ ಭಾಷೆಯಲ್ಲಿ ಸರಸರನೆ ಮಾತಾಡುತ್ತಿದ್ದಳು. ಕಾಸರಕೋಡಿನಲ್ಲಿ ಅವಳು ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದದ್ದು ನನಗೆ ಅಲ್ಲಿಗೆ ಹೋದ ಮೇಲೆ ನೆನಪಾಯಿತು. ಒಂದು ಬೆಳಿಗ್ಗೆ ಮಾಮನೂ ಅಮ್ಮನೂ ನಮ್ಮನ್ನು ಹತ್ತಿರದ ಶಾಲೆಗೆ ಕರೆದೊಯ್ದರು. ಮೇಡಂ ಒಬ್ಬರು ನನ್ನ ತಲೆ ಸವರಿ, ನಾನು ಎಷ್ಟನೇ ತರಗತಿ ಎಂದು ಕೇಳಿದರು. ದಾರಿಯಲ್ಲಿ ಬರುವಾಗ ಅಮ್ಮ ಎತ್ತಲೋ ನೋಡುತ್ತ, "ಶಾಲೆ ಚಲೋ ಅದೆ ಅಲ್ದಾ?" ಎಂದಳು. ನಾನು ತಂಗಿಯ ಕೈ ಹಿಡಿದು ಮುಂದೆ ನಡೆದೆ.

ಅಂದು ಅಜ್ಜಿಗೆ ಹೇಳಿದೆ. ನಮ್ಮನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ ಎಂದೆ. ಹೇಳಿದ ಕೂಡಲೇ ಇನ್ನೊಂದು ಹೆದರಿಕೆ ಬಂತು. ಅಜ್ಜಿ ಈಗಲೇ ನಮ್ಮನ್ನೆಳೆದುಕೊಂಡು ಹೊರಟರೆ ಅಮ್ಮ ಇಲ್ಲೇ ಉಳಿಯುತ್ತಾಳಲ್ಲ. ಅಜ್ಜಿ ಸಂಚಿಯ ಮೇಲೆ ಕೈಯಿಟ್ಟುಕೊಂಡು ಸಮುದ್ರ ನೋಡುತ್ತ ಕೂತಳು. ನೋಡುವಾ ಎಂದಷ್ಟೇ ಹೇಳಿದಳು. ಚಿಕ್ಕಪ್ಪನ ಫೋನು ದಿನವೂ ಬರುತ್ತಿತ್ತು. ಯಾವಾಗ ಹೊರಡುವುದು, ಪಾಸ್‌ಪೋರ್ಟು ಎಲ್ಲಿದೆ ಎಂದು ಕೇಳುವುದು, ನನ್ನ ಹತ್ತಿರ ಇದೆ ಎಂದು ಅಜ್ಜಿ ಹೇಳುವುದು. ಅಮ್ಮ ಅದೇ ಕೋಣೆಯಲ್ಲಿ ಲೋಲಾನ ಕಾಲು ತಿಕ್ಕುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಬಿರುಗಾಳಿಯ ಎಚ್ಚರಿಕೆ ಬಂತು. ಬೈಕಿನಲ್ಲಿ ಇಬ್ಬರು ಮೈಕು ಹಿಡಿದು ಕೂಗುತ್ತ ಹೋದರು. ಮಾಮ ಮಾಡಿನ ತಗಡಿಗೆ ದೋಣಿಯ ಹಗ್ಗ ಹಾಯಿಸಿ ಗೂಟಕ್ಕೆ ಬಿಗಿದ. ಊರಿನವರೆಲ್ಲ ಗಂಟು ಕಟ್ಟಿಕೊಂಡು ಅದೇ ಶಾಲೆಗೆ ಹೊರಟರು. ಅಲ್ಲಿ ಸಿಮೆಂಟಿನ ಮಹಡಿಯಿತ್ತು. ಮಾಮನೂ ಪಕ್ಕದ ಮನೆಯವನೂ ಲೋಲಾನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅವರಿಗೆಲ್ಲ ಇದು ಪರಿಚಿತ. ಅನ್ನ ಕಟ್ಟಿಕೊಂಡು, ಇಸ್ಪೀಟಿನ ಎಲೆ ಹಿಡಿದುಕೊಂಡು ಬಂದಿದ್ದರು. ನಮ್ಮ ಕಡೆಯೂ ಮಳೆಗಾಲದಲ್ಲಿ ಕಡಲು ಉಕ್ಕುತ್ತದೆ, ಆದರೆ ಆ ಮಧ್ಯಾಹ್ನ ಆಕಾಶ ತಾಳಿದ ಬಣ್ಣವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹಳದಿಗಟ್ಟಿದ ಬೂದಿ. ಹಕ್ಕಿಗಳ ಸದ್ದು ನಿಂತುಹೋಗಿತ್ತು.

ಶಾಲೆ ಮುಟ್ಟಿದ ಮೇಲೆ ಲೋಲಾನ ಔಷಧಿಯ ಚೀಲ ಮನೆಯಲ್ಲೇ ಉಳಿದದ್ದು ಗೊತ್ತಾಯಿತು. ಗಾಳಿ ಇನ್ನೂ ಬಂದಿಲ್ಲ, ಓಡಿಹೋಗಿ ತರುತ್ತೇವೆಂದು ಅಮ್ಮನೂ ಮಾಮನೂ ಹೊರಟರು. ನಾನು ಅಮ್ಮನ ಅಂಗಿ ಹಿಡಿದೆ. ಅವಳು ಬಿಡಿಸಿಕೊಂಡು, ಈಗ ಬಂದೆ ಎಂದಳು.

ಗಾಳಿ ಬಂತು. ಮೊದಲು ಸೀಟಿ ಹೊಡೆದ ಹಾಗೆ, ಆಮೇಲೆ ರೈಲು ಬಂದ ಹಾಗೆ, ಆಮೇಲೆ ಯಾವ ಹಾಗೂ ಅಲ್ಲ. ಕಿಟಕಿಗೆ ಹಾಕಿದ್ದ ಹಲಗೆ ಕಿತ್ತುಹೋಯಿತು. ಅದರ ಸಂದಿಯಿಂದ ನೋಡಿದರೆ ಮೈದಾನದ ಮೇಲೆ ತಗಡಿನ ಹಾಳೆಗಳು ಕಾಗದದಂತೆ ಹಾರುತ್ತಿದ್ದವು. ಒಂದು ತೆಂಗಿನಮರ ಬುಡಸಮೇತ ಮಲಗಿದ್ದನ್ನು ಕಂಡೆ. ಅಮ್ಮ ಬರಲಿಲ್ಲ. ಇಸ್ಪೀಟು ಆಡುತ್ತಿದ್ದವರು ಆಟ ನಿಲ್ಲಿಸಿದರು. ಯಾರೋ ಗಂಡಸು ಬಾಗಿಲಿನ ತನಕ ಹೋಗಿ, ತೆರೆಯಲಾಗದೆ ತಿರುಗಿ ಬಂದ. ನಾನು ಬಾಗಿಲಿನತ್ತ ಓಡಿದಾಗ ಅಜ್ಜಿ ನನ್ನ ಜಡೆ ಹಿಡಿದು ಎಳೆದು, ನನ್ನನ್ನೂ ತಂಗಿಯನ್ನೂ ತನ್ನ ಮಂಡಿಗಳ ನಡುವೆ ಒತ್ತಿಕೊಂಡಳು. ಅವಳ ಇಡೀ ಮೈ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಇನ್ನೊಂದು ಕೈ ಲೋಲಾನ ಕೈಯಲ್ಲಿತ್ತು. ಲೋಲಾ ಜಪಮಣಿ ಹಿಡಿಯಲಾರದೆ, ಅದನ್ನು ಎದೆಯ ಮೇಲಿಟ್ಟುಕೊಂಡು, ಬಿದ್ದುಹೋದ ತುಟಿಯಲ್ಲಿ ಏನೋ ಗೊಣಗುತ್ತಿದ್ದರು. ಅಜ್ಜಿಯೂ ಗೊಣಗುತ್ತಿದ್ದಳು. ಗಾಳಿಯ ಸದ್ದಿನಲ್ಲಿ ಇಬ್ಬರ ಮಾತೂ ಕೇಳಿಸುತ್ತಿರಲಿಲ್ಲ. ತುಟಿಗಳು ಮಾತ್ರ ಒಂದೇ ಸಮನೆ ಅಲ್ಲಾಡುತ್ತಿದ್ದವು. ಅಪ್ಪ ಹೋದ ದಿನ ನನಗೆ ಹೆದರಿಕೆಯಾಗಿರಲಿಲ್ಲ. ಆಗ ಎಲ್ಲ ಆಗಿ ಮುಗಿದಿತ್ತು. ಇಲ್ಲಿ ಆಗುತ್ತಿದೆಯೋ ಇಲ್ಲವೋ ತಿಳಿಯದೆ ಕೂತಿರಬೇಕಿತ್ತು. ಇದಕ್ಕಿಂತ ಅಮ್ಮ ನಮ್ಮನ್ನು ಬಿಟ್ಟು ಇಲ್ಲೇ ಬದುಕಿಕೊಂಡಿದ್ದರೂ ಸಾಕು ಎಂದು ನಾನು ಕಂಡಕಂಡ ದೇವರಿಗೆಲ್ಲ ಹೇಳಿಕೊಂಡೆ.

ಗಾಳಿ ತಗ್ಗಿದ ಮೇಲೆ ಬಾಗಿಲು ತೆರೆದು ಅವರಿಬ್ಬರೂ ಒಳಗೆ ಬಂದರು. ದಾರಿಯಲ್ಲಿ ಸಿಕ್ಕಿಬಿದ್ದು, ಇಗರ್ಜಿಯ ಗೋಡೆಯ ಮೂಲೆಯಲ್ಲಿ ಅವಿತು ಕೂತಿದ್ದರಂತೆ. ಅಮ್ಮನ ಹಣೆ ಒಡೆದು ರಕ್ತ ಕಣ್ಣಿನ ಮೇಲೆ ಇಳಿದಿತ್ತು. ಔಷಧಿಯ ಚೀಲ ಕೊರಳಲ್ಲಿತ್ತು. ಅಜ್ಜಿ ಎದ್ದು ಹೋಗಿ ಅವಳ ಬೆನ್ನಿಗೆ ಫಟೀರೆಂದು ಒಂದು ಹೊಡೆದಳು. ಆಮೇಲೆ ಅವಳನ್ನು ತಬ್ಬಿಕೊಂಡು, ಅಪ್ಪ ಹೋದಾಗಲೂ ಅಳದಿದ್ದ ರೀತಿಯಲ್ಲಿ ಅತ್ತಳು.

ಮರುದಿನ ಬೆಳಿಗ್ಗೆ ಮನೆಗೆ ಹೋದರೆ ನಾಲ್ಕು ಗೋಡೆ ಇದ್ದವು, ಮಾಡು ಇರಲಿಲ್ಲ. ಅಮ್ಮ ಅಂಗಳದಲ್ಲಿ ಮೂರು ಕಲ್ಲಿಟ್ಟು ಅನ್ನಕ್ಕೆ ಎಸರಿಟ್ಟಿದ್ದಳು. ನಾನು ಒದ್ದೆ ಚಾಪೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ಅಜ್ಜಿ ಬಂದು ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೊಂಟದಿಂದ ಸಂಚಿ ತೆಗೆದು, ನಮ್ಮ ಪಾಸ್‌ಪೋರ್ಟುಗಳನ್ನು ಅಮ್ಮನ ಮಡಿಲಲ್ಲಿಟ್ಟಳು.

"ಇದು ನಿನ್ನ ಹತ್ರ ಇರ್ಲಿ ಹುಡ್ಗೀ."

ಅಮ್ಮ ಅದನ್ನು ಮುಟ್ಟಲಿಲ್ಲ. "ಅವ್ರು ನಿಮ್ಮ ಹತ್ರ ಕೊಟ್ಟದ್ದು ಅತ್ತೆ," ಎಂದಳು.

"ಎಂತಕ್ಕೆ ಕೊಟ್ಟದ್ದು ಹೇಳಿ ನಂಗೂ ಗೊತ್ತದೆ, ನಿಂಗೂ ಗೊತ್ತದೆ." ಅಜ್ಜಿ ಕೊಳ್ಳಿಯನ್ನು ಒಲೆಯೊಳಗೆ ದೂಡಿದಳು. "ನಿನ್ನೆ ನಿನ್ನ ಅವ್ವಿ ನನ್ನ ಕೈ ಹಿಡ್ಕಂಡು ಕೂತಿತ್ತು. ನೀ ಬಾಗ್ಲಲ್ಲಿ ಕಂಡ ಮೇಲೇ ಬಿಟ್ಟದ್ದು. ಅದ್ಕೆ ಮಗ್ಳು ಬೇಕು. ನೀ ಇಲ್ಲೇ ಇರ್ತೆ ಅಂದ್ರೆ ಇರು. ಮಕ್ಳು ನಿನ್ನ ಸಂಗ್ತಿಗೇ ಇರ್ಲಿ. ಊರಲ್ಲಿ ಕೇಳಿದ್ರೆ ನಾನೇ ಬಿಟ್ಟು ಬಂದೆ ಹೇಳ್ತೆ."

ಅನ್ನ ಉಕ್ಕಿ ಬೆಂಕಿಗೆ ಬಿತ್ತು, ಇಬ್ಬರೂ ಮುಚ್ಚಳ ತೆಗೆಯಲಿಲ್ಲ. ಕೊನೆಗೆ ಅಮ್ಮ ಕೇಳಿದ್ದು ಇಷ್ಟು: "ನೀವು ಒಬ್ರೇ ಹೆಂಗೆ ಹೋಗ್ತ್ರಿ?"

"ಅದೇ ಹೆದರಿಕೆ ನಂಗೂ," ಎಂದಳು ಅಜ್ಜಿ.

ಅಮ್ಮ ಉಳಿದಳು. ನಾವಿಬ್ಬರೂ ಅವಳ ಜೊತೆ ಉಳಿದೆವು. ವಿಮಾನ ನಿಲ್ದಾಣದಲ್ಲಿ ಅಜ್ಜಿ ದಾರಿ ತಪ್ಪದಿರಲೆಂದು ಮಾಮ ಅವಳಿಗೆ ಗಾಲಿಕುರ್ಚಿಯ ವ್ಯವಸ್ಥೆ ಮಾಡಿಸಿದ. ಅದರಲ್ಲಿ ಕೂತರೆ ಸಿಬ್ಬಂದಿಯವರೇ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ಮುಂಬೈಗೆ ಮುಟ್ಟಿಸುತ್ತಾರೆ, ಅಲ್ಲಿ ಚಿಕ್ಕಪ್ಪ ಕಾದಿರುತ್ತಾನೆ ಎಂದು. ಬುಟ್ಟಿ ಹೊತ್ತು ಮೈಲುಗಟ್ಟಲೆ ನಡೆದ ಹೆಂಗಸು ಕಾಲಿಲ್ಲದವಳಂತೆ ಆ ಕುರ್ಚಿಯಲ್ಲಿ ಕೂತಳು. ಕಾಲ ಮೇಲೆ ಚೀಲ. ನಮ್ಮ ಮೂವರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದಳು. ಸಮವಸ್ತ್ರದ ಹುಡುಗ ಕುರ್ಚಿ ತಳ್ಳತೊಡಗಿದ ಕೂಡಲೇ ಎರಡೂ ಕೈಗಳಲ್ಲಿ ಅದರ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಗಾಜಿನ ಬಾಗಿಲು ಹಿಂದಿನಿಂದ ಮುಚ್ಚಿತು. ಅವಳು ಮುಟ್ಟಿದ ಸುದ್ದಿ ಬರುವ ತನಕ ಅಮ್ಮ ಫೋನನ್ನು ಕೈಯಿಂದ ಕೆಳಗಿಡಲಿಲ್ಲ.

ಊರಲ್ಲಿ ಅಜ್ಜಿ ಅನುಭವಿಸಿದ್ದು ನಮಗೆ ಆಮೇಲೆ ಬೇರೆಯವರಿಂದ ಗೊತ್ತಾಯಿತು. ಚಿಕ್ಕಪ್ಪ ಮುಂಬೈಯಿಂದ ಹೊನ್ನಾವರದ ತನಕ ಅವಳೊಡನೆ ಒಂದು ಮಾತೂ ಆಡಲಿಲ್ಲವಂತೆ. ಸತ್ತ ಮಗನ ಮಕ್ಕಳನ್ನು ಕಡಲಾಚೆ ಬಿಟ್ಟುಬಂದ ಮುದುಕಿ ಎಂದು ಜನ ಆಡಿಕೊಂಡರಂತೆ. ನಾನೇ ಬಿಟ್ಟು ಬಂದೆ ಎಂದು ಅವಳು ಕೇಳಿದವರಿಗೆಲ್ಲ ಹೇಳಿದಳಂತೆ, ಕಾರಣ ಯಾರಿಗೂ ಹೇಳಲಿಲ್ಲವಂತೆ. ನಮಗೆ ಫೋನು ಮಾಡಿದಾಗ ಮೀನಿನ ಸುದ್ದಿ, ಮಳೆಯ ಸುದ್ದಿ ಹೇಳುತ್ತಿದ್ದಳೇ ಹೊರತು, ಯಾವಾಗ ಬರುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ.

ನಾನು ಆ ಶಾಲೆಗೆ ಹೋದೆ, ಆ ಭಾಷೆ ಕಲಿತೆ. ಲೋಲಾನ ಜೊತೆ ಅವರ ಭಾಷೆಯಲ್ಲಿ ಮಾತಾಡುವಷ್ಟು ಕಾಲ ಸಿಕ್ಕಿತು. ಒಂದು ವರ್ಷ ತುಂಬುವ ಮೊದಲು ಅವರು ತೀರಿಕೊಂಡರು, ಮಗಳ ತೊಡೆಯ ಮೇಲೆ. ಕೆಲಸಗಳೆಲ್ಲ ಮುಗಿದ ಮೇಲೆ ಒಂದು ದಿನ ಅಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಅಜ್ಜಿಯ ಹತ್ತಿರ ಹೋಗುವಾ ಎಂದಳು. ಮಾಮ ತಡೆದ. ಅವಳು ಕೇಳಲಿಲ್ಲ. ನಾವು ಬರುವುದನ್ನು ಯಾರಿಗೂ ತಿಳಿಸದೆ ರೈಲಿನಿಂದಿಳಿದು ರಿಕ್ಷಾದಲ್ಲಿ ಮನೆಗೆ ಹೋದೆವು. ಅಜ್ಜಿ ಅಂಗಳದಲ್ಲಿ ಬಲೆಯ ಮೇಲೆ ಮೀನು ಹರವುತ್ತಿದ್ದಳು. ನಮ್ಮನ್ನು ನೋಡಿದಳು. ಎದ್ದು ನಿಲ್ಲಲು ನೋಡಿ, ಆಗದೆ ಅಲ್ಲೇ ಕೂತಳು.

ನಾನೀಗ ಕುಮಟಾದ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ಅಜ್ಜಿಯನ್ನು ಉಬ್ಬಸ ಹೆಚ್ಚಾಗಿ ಇಲ್ಲಿಯ ಆಸ್ಪತ್ರೆಗೆ ತಂದಿದ್ದರು. ಹಗಲು ನಾನು ಪಕ್ಕದಲ್ಲಿರುತ್ತಿದ್ದೆ. ಒಂದು ಮಧ್ಯಾಹ್ನ ಉಸಿರು ಹಗುರಾದಾಗ, ಇಷ್ಟು ವರ್ಷ ಕೇಳಬೇಕೆಂದಿದ್ದನ್ನು ಕೇಳಿದೆ. ನಾವು ಹೇಗೂ ತಿರುಗಿ ಬರುತ್ತೇವೆಂದು ಅವಳಿಗೆ ಒಳಗೊಳಗೆ ಧೈರ್ಯವಿದ್ದಿರಬೇಕು, ಅದಕ್ಕೇ ಬಿಟ್ಟುಬಂದಳು ಎಂದು ನಾನು ಬೆಳೆಯುತ್ತ ತೀರ್ಮಾನಿಸಿಕೊಂಡಿದ್ದೆ. ಹಾಗೆಯೇ ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನೀವು ಬರೂದಿಲ್ಲ ಹೇಳೇ ತಿಳ್ಕಂಡಿದ್ದೆ ಮಗಾ. ಬಂದ ಮರುದಿನವೇ ನಿಮ್ಮ ಬಟ್ಲು ತೊಳ್ದು ಅಟ್ಟಕ್ಕೆ ಹಾಕಿದ್ದೆ. ಕಣ್ಣೆದುರಿಗೆ ಇದ್ರೆ ಅನ್ನ ಇಳೀತಿರ್ಲಿಲ್ಲ."

ಅದಾದ ಕೆಲವೇ ದಿನಗಳಲ್ಲಿ ಅವಳು ಹೋದಳು. ಅಮ್ಮ ಅವಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಸೀರೆ ಉಡಿಸಿದಳು. ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಮುಂದೇನು ಮಾಡಬೇಕೆಂದು ಅಮ್ಮನನ್ನು ಕೇಳಿದ. ಅಮ್ಮ ಒಂದೊಂದಾಗಿ ಹೇಳಿದಳು, ಅವನು ಹಾಗೆಯೇ ಮಾಡಿದ.

ಅಜ್ಜಿ ಅಂದು ಸಂಚಿ ಬಿಚ್ಚದಿದ್ದರೆ ನಾವು ನಾಲ್ವರೂ ಒಟ್ಟಿಗೇ ತಿರುಗಿ ಬಂದಿರುತ್ತಿದ್ದೆವು. ಅಮ್ಮ ಬಂದೇ ಬರುತ್ತಿದ್ದಳು. ಮಕ್ಕಳನ್ನು ಬಿಟ್ಟು ಅವಳೆಲ್ಲಿ ಇರುತ್ತಿದ್ದಳು? ಆದರೆ ಅಮ್ಮನನ್ನು ಹಿಡಿದಿಟ್ಟುಕೊಂಡ ಅಂಥ ಮನೆಯಲ್ಲಿ ನಾನು ಅವಳ ಮುಖ ನೋಡಿಕೊಂಡು, ಯಾವಾಗ ಬಿಟ್ಟುಹೋಗುತ್ತಾಳೋ ಎಂದು ದಿನಾ ಹೆದರುತ್ತಲೇ ಬೆಳೆಯಬೇಕಾಗುತ್ತಿತ್ತು. ಆ ಹೆದರಿಕೆಯನ್ನು ಅಜ್ಜಿ ನನಗೆ ಉಳಿಸಲಿಲ್ಲ.